ಗೋವಿನಜೋಳ ಒಂದನ್ನೇ ನಂಬಿದ ಕೋಳಿ: ಎರೆನಾಡಿನ ಕಣದಲ್ಲಿ ಬೇರೆ ಕಾಳುಗಳೂ ಇವೆ

2025ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಗೋವಿನಜೋಳದ ರೈತರು ಖರೀದಿ ಕೇಂದ್ರ ತೆರೆಯಿರಿ ಎಂದು ದಿನಗಟ್ಟಲೆ ಧರಣಿ ಕೂತರು. ಕೇಂದ್ರ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,400. ಪೇಟೆಯಲ್ಲಿ ಕೇಳುತ್ತಿದ್ದ ದರ ಎರಡು ಸಾವಿರಕ್ಕೂ ಕೆಳಗೆ. ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆಯುವ ಮಟ್ಟಕ್ಕೆ ವಿಷಯ ಬೆಳೆಯಿತು. ಅದಕ್ಕೆ ಹಿಂದಿನ ವರ್ಷ ಚಿತ್ರ ಪೂರ್ತಿ ತಿರುವುಮುರುವು. ಗೋವಿನಜೋಳ ಸಿಗುತ್ತಿಲ್ಲ, ಸಿಕ್ಕರೂ ತುಟ್ಟಿ ಎಂದು ಕೋಳಿ ಉದ್ಯಮದವರು ದೆಹಲಿಗೆ ಮೊರೆಯಿಟ್ಟಿದ್ದರು. 2024ರ ಜೂನ್‌ನಲ್ಲಿ ಕೇಂದ್ರವು ಸುಮಾರು 5 ಲಕ್ಷ ಟನ್ ಗೋವಿನಜೋಳವನ್ನು ಕಡಿಮೆ ಸುಂಕದಲ್ಲಿ ತರಿಸಿಕೊಳ್ಳಲು ಅನುಮತಿ ಕೊಟ್ಟಿತ್ತು.

ಒಂದು ವರ್ಷ ಕೋಳಿ ಸಾಕುವವನು ಅಳುತ್ತಾನೆ, ಮರುವರ್ಷ ಬೆಳೆದವನು ಅಳುತ್ತಾನೆ. ಈ ಇಬ್ಬರೂ ಒಂದೇ ಊರಿನವರು, ಎಷ್ಟೋ ಸಲ ಒಂದೇ ಮನೆಯವರು. ಇದೇ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲ್ಲೂಕುಗಳಲ್ಲಿ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಹೊಲದಲ್ಲೂ ಇದೆ, ಕೋಳಿ ಶೆಡ್ಡಿನ ಫೀಡ್ ಚೀಲದಲ್ಲೂ ಇದೆ. ಒಂದೇ ಕಾಳಿನ ಮೇಲೆ ಎರಡೂ ಕಸುಬು ಕೂತಿರುವುದರಿಂದ ಅದರ ಬೆಲೆ ಅಲುಗಾಡಿದಾಗಲೆಲ್ಲ ಯಾರೋ ಒಬ್ಬರು ಕೆಳಗೆ ಬೀಳುತ್ತಾರೆ. ಹಾಗಾಗಿ ಬ್ರಾಯ್ಲರ್ ಕೋಳಿಯ ಆಹಾರದಲ್ಲಿ ಗೋವಿನಜೋಳದ ಜಾಗಕ್ಕೆ ಬೇರೆ ಏನನ್ನು ಹಾಕಬಹುದು ಎಂಬ ಪ್ರಶ್ನೆ ಪಶುವೈದ್ಯರಿಗಷ್ಟೇ ಬಿಟ್ಟದ್ದಲ್ಲ. ಅದು ಈ ಭಾಗದ ರೈತರ ಪ್ರಶ್ನೆ. ಉತ್ತರದ ಬಹುಪಾಲು ಇಲ್ಲಿನ ಕಣದಲ್ಲೇ ಇದೆ. ಆದರೆ ಅದು ಪ್ರತಿ ವರ್ಷ ಲೆಕ್ಕ ಹಾಕಿಯೇ ಕಂಡುಕೊಳ್ಳಬೇಕಾದ ಉತ್ತರ.

ಒಂದು ಕೋಳಿಗೆ ಎರಡು ಕಿಲೋ

ಮೊದಲು ಶೆಡ್ಡಿನ ಲೆಕ್ಕ. ಒಂದು ದಿನದ ಮರಿ ಸುಮಾರು 40 ದಿನದಲ್ಲಿ ಎರಡು ಕಿಲೋ ತೂಗುವ ಹೊತ್ತಿಗೆ ಮೂರೂಕಾಲರಿಂದ ಮೂರೂವರೆ ಕಿಲೋ ಫೀಡ್ ತಿಂದಿರುತ್ತದೆ. ಆ ಫೀಡಿನಲ್ಲಿ ಶೇ 55ರಿಂದ 65 ಗೋವಿನಜೋಳ. ಅಂದರೆ ಒಂದು ಕೋಳಿಗೆ ಹೆಚ್ಚುಕಡಿಮೆ ಎರಡು ಕಿಲೋ. 5,000 ಕೋಳಿಯ ಒಂದು ಬ್ಯಾಚ್‌ಗೆ 17 ಟನ್ ಫೀಡ್, ಅದರಲ್ಲಿ 10 ಟನ್ ಗೋವಿನಜೋಳ, ಅಂದರೆ ನೂರು ಕ್ವಿಂಟಲ್. ಕೋಳಿ ಸಾಕಣೆಯ ಒಟ್ಟು ಖರ್ಚಿನಲ್ಲಿ ಶೇ 65ರಿಂದ 70ರಷ್ಟು ಫೀಡಿಗೇ ಹೋಗುತ್ತದೆ. ಆದ್ದರಿಂದ ಗೋವಿನಜೋಳ ಕ್ವಿಂಟಲ್‌ಗೆ ₹200 ಏರಿದರೆ ಈ ಒಂದು ಬ್ಯಾಚ್‌ನಲ್ಲೇ ₹20,000 ಹೆಚ್ಚುವರಿ ಹೊರೆ, ಕೋಳಿಯೊಂದಕ್ಕೆ ₹4. ಮಾರುಕಟ್ಟೆಯಲ್ಲಿ ಜೀವಂತ ಕೋಳಿಯ ದರ ಬಿದ್ದ ವಾರ ಆ ನಾಲ್ಕು ರೂಪಾಯಿಯೇ ಲಾಭ–ನಷ್ಟದ ಗೆರೆ.

ಈ ಬೆಲೆಯನ್ನು ಅಲುಗಾಡಿಸಿದ ದೊಡ್ಡ ಕೈ ಪೆಟ್ರೋಲ್‌ಗೆ ಬೆರೆಸುವ ಎಥನಾಲ್‌ನದು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥನಾಲ್ ಮಾಡುವುದಕ್ಕೆ ಕೇಂದ್ರ ಕಡಿವಾಣ ಹಾಕಿತು. ಬೆನ್ನಲ್ಲೇ ಗೋವಿನಜೋಳದ ಎಥನಾಲ್‌ಗೆ ಲೀಟರ್‌ಗೆ ₹71.86 ದರ ಗೊತ್ತುಮಾಡಿತು. ಡಿಸ್ಟಿಲರಿಗಳು ಗೋವಿನಜೋಳದತ್ತ ತಿರುಗಿದವು. ಕೋಳಿ, ದನ, ಸ್ಟಾರ್ಚ್ ಕಾರ್ಖಾನೆ ಇಷ್ಟೇ ಇದ್ದ ಸರದಿಯಲ್ಲಿ ಪೆಟ್ರೋಲ್ ಟ್ಯಾಂಕೂ ಬಂದು ನಿಂತಿತು. ಬೆಲೆ ಏರಿತು, ರೈತರು ಬಿತ್ತನೆ ಹೆಚ್ಚಿಸಿದರು, ಫಸಲು ಒಮ್ಮೆಲೇ ಬಂದಾಗ ದರ ಕುಸಿಯಿತು. ಈ ಏರಿಳಿತ ಇನ್ನು ಮುಂದೆಯೂ ಇರುತ್ತದೆ ಎಂದುಕೊಂಡೇ ನಾವು ಯೋಚಿಸಬೇಕು.

ಗೋವಿನಜೋಳಕ್ಕೆ ಈ ಪಟ್ಟ ಏಕೆ?

ಕೋಳಿ ತಜ್ಞರು ಗೋವಿನಜೋಳವನ್ನು ಬಿಟ್ಟುಕೊಡದಿರುವುದಕ್ಕೆ ಕಾರಣವಿದೆ. ಒಂದು ಕಿಲೋ ಗೋವಿನಜೋಳದಿಂದ ಕೋಳಿಯ ಮೈಗೆ ಸುಮಾರು 3,350 ಕಿಲೋ ಕ್ಯಾಲರಿ ಶಕ್ತಿ ದಕ್ಕುತ್ತದೆ. ಪಿಷ್ಟ ಸುಲಭವಾಗಿ ಕರಗುತ್ತದೆ, ನಾರು ಕಡಿಮೆ, ಎಣ್ಣೆಯ ಅಂಶ ಶೇ 4ರ ಹತ್ತಿರ. ಕೆಡುಕು ಮಾಡುವ ಅಂಶಗಳು ಕಾಳಿನಲ್ಲಿ ಸ್ವಭಾವತಃ ಇಲ್ಲವೆನ್ನುವಷ್ಟು ಕಡಿಮೆ. ಬ್ರಾಯ್ಲರ್ ಫೀಡಿಗೆ ಭಾರತೀಯ ಮಾನಕ ಸಂಸ್ಥೆ ಗೊತ್ತುಪಡಿಸಿದ ಅಳತೆಯಲ್ಲಿ ಕೊನೆಯ ಹಂತದ ಫೀಡ್ ಕಿಲೋಗೆ 3,200 ಕಿಲೋ ಕ್ಯಾಲರಿ ಮತ್ತು ಶೇ 20 ಪ್ರೋಟೀನ್ ಇರಬೇಕು. ಇಷ್ಟು ಶಕ್ತಿಯ ಫೀಡನ್ನು ಅಗ್ಗವಾಗಿ ಕಟ್ಟಲು ಗೋವಿನಜೋಳಕ್ಕಿಂತ ಸಲೀಸಾದ ಕಾಳು ಮತ್ತೊಂದಿಲ್ಲ.

ಹಾಗೆಂದು ಅದಿಲ್ಲದೆ ಕೋಳಿ ಬೆಳೆಯುವುದಿಲ್ಲ ಎಂದೇನಲ್ಲ. ಯುರೋಪಿನ ಬಹಳಷ್ಟು ದೇಶಗಳಲ್ಲಿ ಬ್ರಾಯ್ಲರ್ ಬೆಳೆಯುವುದು ಗೋಧಿಯ ಮೇಲೆ. ಆಸ್ಟ್ರೇಲಿಯಾದಲ್ಲಿ ಗೋಧಿ ಮತ್ತು ಜೋಳ ಎರಡೂ ಕೋಳಿಯ ಮುಖ್ಯ ಆಹಾರ. ಕೋಳಿಗೆ ಬೇಕಾದದ್ದು ಇಂತಿಷ್ಟು ಶಕ್ತಿ, ಇಂತಿಷ್ಟು ಅಮೈನೋ ಆಮ್ಲ, ಖನಿಜ ಮತ್ತು ವಿಟಮಿನ್. ಅದು ಯಾವ ಚೀಲದಿಂದ ಬಂತು ಎಂಬುದನ್ನು ಕೋಳಿ ಕೇಳುವುದಿಲ್ಲ.

ಇಲ್ಲೇ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ಫೀಡಿನಲ್ಲಿ ಎರಡು ಪಾಲು: ಶಕ್ತಿಯ ಪಾಲು ಗೋವಿನಜೋಳದ್ದು, ಪ್ರೋಟೀನಿನ ಪಾಲು ಸೋಯಾ ಹಿಂಡಿಯದು. ಅಜೋಲಾ, ಹುಳು ಸಾಕಣೆ, ಸೂರ್ಯಕಾಂತಿ ಹಿಂಡಿ, ಕುಸುಬಿ ಹಿಂಡಿ, ಶೇಂಗಾ ಹಿಂಡಿ ಇವೆಲ್ಲ ಪರ್ಯಾಯಗಳೆಂದು ತರಬೇತಿಗಳಲ್ಲೂ ಮೊಬೈಲ್ ವಿಡಿಯೊಗಳಲ್ಲೂ ಕೇಳಿಬರುತ್ತವೆ. ಇವು ಎರಡನೆಯ ಪಾಲಿಗೆ ಸೇರಿದವು. ಗೋವಿನಜೋಳದ ಜಾಗವನ್ನು ಇವು ತುಂಬಲಾರವು. ಹಸಿ ಅಜೋಲಾದಲ್ಲಿ ಶೇ 90ಕ್ಕಿಂತ ಹೆಚ್ಚು ನೀರೇ ಇರುತ್ತದೆ. ಹಿತ್ತಿಲ ಜವಾರಿ ಕೋಳಿಗೆ ಅದು ಒಳ್ಳೆಯ ಸೊಪ್ಪು. 40 ದಿನದಲ್ಲಿ ಎರಡು ಕಿಲೋ ತೂಗಬೇಕಾದ ಬ್ರಾಯ್ಲರ್‌ಗೆ ಹೊಟ್ಟೆ ತುಂಬಿಸುವ ನೀರು. ಶಕ್ತಿಯ ಪಾಲಿಗೆ ಕಾಳೇ ಬೇಕು.

ಜೋಳ: ನಮ್ಮದೇ ಕಾಳು, ಕಟ್ಟುನಿಟ್ಟಿನ ಲೆಕ್ಕ

ರೋಣದ ಎರೆ ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಅಥವಾ ಕಡ್ಲಿ. ಇದು ತಲೆಮಾರುಗಳ ಪದ್ಧತಿ. ಗೋವಿನಜೋಳ ಹೊಸಬ. ಮಲಪ್ರಭಾ ಕಾಲುವೆ ಬಂದ ನರಗುಂದದ ಕಡೆ, ಬೋರ್‌ವೆಲ್ ಇರುವಲ್ಲಿ, ಹೈಬ್ರಿಡ್ ಬೀಜದ ಬೆನ್ನು ಹತ್ತಿ ಅದು ಹರಡಿತು. ನೀರಿನ ಬೆಲೆ ಈ ನೆಲಕ್ಕೆ ಚೆನ್ನಾಗಿ ಗೊತ್ತು. 1980ರ ಜುಲೈನಲ್ಲಿ ನರಗುಂದ–ನವಲಗುಂದದ ರೈತರು ಬಂಡೆದ್ದದ್ದು ಇದೇ ಮಲಪ್ರಭಾ ನೀರಾವರಿಯ ಕರದ ವಿರುದ್ಧ. 2015ರಿಂದ ನಡೆದ ಕಳಸಾ–ಬಂಡೂರಿ ಹೋರಾಟವೂ ಇದೇ ನದಿಗೆ ನೀರು ತರುವುದಕ್ಕಾಗಿ. ಹಿಂಗಾರಿ ಜೋಳಕ್ಕೆ ಕಾಲುವೆಯ ಹಂಗಿಲ್ಲ. ಎರೆಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಅದು ತೆನೆ ಕಟ್ಟುತ್ತದೆ.

ಕೋಳಿಯ ದೃಷ್ಟಿಯಿಂದ ಬಿಳಿಜೋಳ ಗೋವಿನಜೋಳಕ್ಕೆ ತೀರಾ ಹತ್ತಿರ. ಶಕ್ತಿ ಕಿಲೋಗೆ ಸುಮಾರು 3,200 ಕಿಲೋ ಕ್ಯಾಲರಿ, ಪ್ರೋಟೀನ್ ಶೇ 9ರ ಆಸುಪಾಸು. ಲೈಸಿನ್ ಎಂಬ ಅಮೈನೋ ಆಮ್ಲ ತುಸು ಕಡಿಮೆ, ಎಣ್ಣೆಯೂ ಕಡಿಮೆ. ಅದರ ಪ್ರೋಟೀನಿನ ಒಂದು ಭಾಗ ಪಿಷ್ಟದ ಕಣಗಳ ಸುತ್ತ ಗಟ್ಟಿಯಾಗಿ ಹೆಣೆದುಕೊಂಡಿರುವುದರಿಂದ ಅರಗುವುದೂ ಸ್ವಲ್ಪ ನಿಧಾನ. ಒಟ್ಟಾರೆ ಗೋವಿನಜೋಳಕ್ಕೆ ನೂರು ಅಂಕ ಕೊಟ್ಟರೆ ಬಿಳಿಜೋಳಕ್ಕೆ 95 ಕೊಡಬಹುದು.

ಜೋಳವನ್ನು ಕೋಳಿಗೆ ಹಾಕಬಾರದು ಎಂಬ ಹಳೆಯ ಮಾತಿಗೆ ಕಾರಣ ಟ್ಯಾನಿನ್. ಒಗರು ಕೊಡುವ ಈ ಅಂಶ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಕೋಳಿ ತಿಂದರೂ ಮೈಗೆ ಹತ್ತುವುದಿಲ್ಲ. ಹಕ್ಕಿ ತಿನ್ನದಿರಲಿ ಎಂದು ಬೆಳೆಸುವ ಕಂದು ಜೋಳದ ತಳಿಗಳಲ್ಲಿ ಇದು ಹೆಚ್ಚು. ನಮ್ಮ ಭಾಗದ ಮಾಲದಂಡಿ, ಅಂದರೆ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದ ಎಂ 35-1, ಮುತ್ತಿನಂಥ ಬಿಳಿ ಕಾಳು. ಅದರಲ್ಲಿ ಈ ಕಾಟವಿಲ್ಲ. ಹೊರಗಿನಿಂದ ಬಂದ ಚೀಲದ ಬಗ್ಗೆ ಅನುಮಾನವಿದ್ದರೆ ಪರೀಕ್ಷೆ ಸುಲಭ. ಹತ್ತಿಪ್ಪತ್ತು ಕಾಳು ಆರಿಸಿಕೊಂಡು ಚಾಕುವಿನ ತುದಿಯಿಂದ ಒಂದೊಂದರ ಮೇಲಿನ ತೆಳು ಸಿಪ್ಪೆಯನ್ನು ಮೆಲ್ಲಗೆ ಕೆರೆಯಬೇಕು. ಸಿಪ್ಪೆಯ ಕೆಳಗೆ ನೇರವಾಗಿ ಬಿಳಿ ಹಿಟ್ಟಿನ ಭಾಗ ಕಂಡರೆ ಭಯವಿಲ್ಲ. ನಡುವೆ ಕಂದು ಬಣ್ಣದ ಇನ್ನೊಂದು ಪದರ ಕಂಡರೆ ಅದು ಟ್ಯಾನಿನ್ ಇರುವ ಜೋಳ. ಕಾಳಿನ ಹೊರಬಣ್ಣ ನೋಡಿ ತೀರ್ಮಾನಿಸುವುದು ತಪ್ಪು. ಕೆಂಪಗೆ ಕಾಣುವ ಎಲ್ಲ ಜೋಳದಲ್ಲೂ ಆ ಒಳಪದರ ಇರುವುದಿಲ್ಲ.

ಈಗ ದುಡ್ಡಿನ ಮಾತು. 2025–26ರ ಬೆಂಬಲ ಬೆಲೆ ಗೋವಿನಜೋಳಕ್ಕೆ ₹2,400, ಹೈಬ್ರಿಡ್ ಜೋಳಕ್ಕೆ ₹3,699, ಮಾಲದಂಡಿಗೆ ₹3,749. ಜೋಳದ ಪೋಷಕ ಮೌಲ್ಯ ಗೋವಿನಜೋಳದ ಶೇ 95 ಎಂದಾದರೆ, ಗೋವಿನಜೋಳ ₹2,400 ಇದ್ದಾಗ ಕೋಳಿ ಸಾಕುವವನು ಜೋಳಕ್ಕೆ ₹2,280ಕ್ಕಿಂತ ಹೆಚ್ಚು ಕೊಟ್ಟರೆ ನಷ್ಟ. ಒಳ್ಳೆಯ ಮಾಲದಂಡಿಯನ್ನು ಆ ಬೆಲೆಗೆ ಮಾರುವ ರೈತ ಸಿಗುವುದಿಲ್ಲ, ಸಿಗಲೂ ಬಾರದು. ‘ರೊಟ್ಟಿ ಜ್ವಾಳ ಕೋಳಿಗೆ ಹಾಕೋದೇನ್ರೀ?’ ಎಂದು ಈ ಭಾಗದ ಯಾವ ಮನೆಯವರಾದರೂ ಕೇಳುತ್ತಾರೆ. ಆ ಪ್ರಶ್ನೆ ನ್ಯಾಯದ್ದು. ಮನುಷ್ಯರ ಊಟದ ಕಾಳನ್ನು ಕೋಳಿಗೆ ಸುರಿಯುವುದು ನೀತಿಯೂ ಅಲ್ಲ, ಲಾಭವೂ ಅಲ್ಲ.

ಆದರೆ ಕಣಕ್ಕೆ ಬಂದ ಜೋಳವೆಲ್ಲ ರೊಟ್ಟಿಯ ಜೋಳವಲ್ಲ. ಹಸನು ಮಾಡುವಾಗ ಉಳಿಯುವ ಸಣ್ಣಕಾಳು, ಒಡೆದ ನುಚ್ಚು, ಕೊನೆಯಲ್ಲಿ ತೇವ ಸಾಲದೆ ಸೊರಗಿದ ಕಾಳು, ಬಣ್ಣ ಮಾಸಿ ದರ ಕಳೆದುಕೊಂಡ ಮುಂಗಾರಿ ಹೈಬ್ರಿಡ್ ಜೋಳ ಇವಕ್ಕೆ ದಲಾಲಿ ಅಂಗಡಿಯಲ್ಲಿ ಕೇಳುವವರು ಕಡಿಮೆ. ಕೋಳಿಯ ಪಾಲು ಇರುವುದು ಇಲ್ಲಿ. ಒಂದೇ ಎಚ್ಚರ: ತೆನೆ ಬಲಿಯುವಾಗ ಮಳೆಗೆ ಸಿಕ್ಕಿ ಕಪ್ಪಾದ, ಬೂಷ್ಟು ಹಿಡಿದ ಜೋಳ ಎಷ್ಟೇ ಅಗ್ಗವಾದರೂ ಬೇಡ. ಆ ಬೂಷ್ಟಿನ ವಿಷ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. ಉಳಿಸಿದ ದುಡ್ಡಿನ ಹಲವು ಪಟ್ಟು ಸತ್ತ ಕೋಳಿಗಳಲ್ಲಿ ಹೋಗುತ್ತದೆ.

ಸಜ್ಜೆ: ಗಜೇಂದ್ರಗಡದ ಮಸಾರಿಯ ಉತ್ತರ

ಗಜೇಂದ್ರಗಡದ ಗುಡ್ಡ ದಾಟಿ ಕುಷ್ಟಗಿ, ಇಳಕಲ್ ಕಡೆ ಹೊರಟರೆ ಎರೆ ಮುಗಿದು ಮಸಾರಿ ಮಣ್ಣು ಶುರುವಾಗುತ್ತದೆ. ಇದು ಸಜ್ಜೆಯ ನೆಲ. ಕಡಿಮೆ ಮಳೆ, ಹಗುರ ಮಣ್ಣು, ಬೇಗ ಕೈಗೆ ಬರುವ ಫಸಲು. ಕೋಳಿಯ ಆಹಾರವಾಗಿ ಸಜ್ಜೆಗೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ.

ಸಜ್ಜೆಯಲ್ಲಿ ಪ್ರೋಟೀನ್ ಶೇ 10ರಿಂದ 12. ಗೋವಿನಜೋಳದಲ್ಲಿ ಅದು ಶೇ 8ರಿಂದ 9. ಲೈಸಿನ್ ಕೂಡ ಹೆಚ್ಚು, ಎಣ್ಣೆ ಶೇ 5ರ ಸುತ್ತ. ಟ್ಯಾನಿನ್ ಕಾಟ ಇಲ್ಲವೆಂದೇ ಹೇಳಬಹುದು. ಒಟ್ಟು ಶಕ್ತಿ ತಳಿಯಿಂದ ತಳಿಗೆ ಬದಲಾಗುತ್ತದೆ. ಸಾಮಾನ್ಯವಾಗಿ ಗೋವಿನಜೋಳಕ್ಕಿಂತ ತುಸು ಕೆಳಗೆ. ಆದರೆ ಪ್ರೋಟೀನ್ ಹೆಚ್ಚಿರುವುದರಿಂದ ಫೀಡಿನಲ್ಲಿ ದುಬಾರಿ ಸೋಯಾ ಹಿಂಡಿಯನ್ನು ಸ್ವಲ್ಪ ತಗ್ಗಿಸಬಹುದು. ನೂರು ಕಿಲೋ ಗೋವಿನಜೋಳದ ಬದಲು ನೂರು ಕಿಲೋ ಸಜ್ಜೆ ಹಾಕಿದರೆ ಎರಡರಿಂದ ಎರಡೂವರೆ ಕಿಲೋ ಪ್ರೋಟೀನ್ ಹೆಚ್ಚಿಗೆ ಸಿಗುತ್ತದೆ. ಅದು ಸುಮಾರು ಐದು ಕಿಲೋ ಸೋಯಾ ಹಿಂಡಿಯಲ್ಲಿರುವ ಪ್ರೋಟೀನಿಗೆ ಸಮ. ಹೀಗಾಗಿ ಸಜ್ಜೆಯ ದರ ಗೋವಿನಜೋಳದ ದರಕ್ಕೆ ಸಮ ಬಂದ ದಿನ ಸಜ್ಜೆ ಕೊಳ್ಳಲು ಹಿಂಜರಿಯಬೇಕಿಲ್ಲ. 2025–26ರಲ್ಲಿ ಸಜ್ಜೆಯ ಬೆಂಬಲ ಬೆಲೆ ₹2,775. ಸುಗ್ಗಿಯ ಹೊತ್ತಿನಲ್ಲಿ ಪೇಟೆ ದರ ಇದಕ್ಕಿಂತ ಕೆಳಗಿಳಿಯುವುದು ಈ ಭಾಗದ ರೈತರು ಕಂಡದ್ದೇ. 2024ರಂತೆ ಗೋವಿನಜೋಳ ತುಟ್ಟಿಯಾದ ವರ್ಷಗಳಲ್ಲಿ ಸಜ್ಜೆಯ ಸರದಿ ಬರುತ್ತದೆ.

ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕೋಳಿ ಸಂಶೋಧನಾ ನಿರ್ದೇಶನಾಲಯ ಸಜ್ಜೆ, ಜೋಳ, ನವಣೆಯಂಥ ಕಾಳುಗಳನ್ನು ಬ್ರಾಯ್ಲರ್‌ಗಳ ಮೇಲೆ ಪ್ರಯೋಗಿಸಿ ನೋಡಿದೆ. ಅಮೆರಿಕದ ಜಾರ್ಜಿಯಾದಲ್ಲಂತೂ ಸಜ್ಜೆಯನ್ನು ಬೀಸದೆ ಇಡಿಯಾಗಿಯೇ ಫೀಡಿನಲ್ಲಿ ಶೇ 10ರವರೆಗೆ ಬೆರೆಸಿ ನೋಡಿದ್ದಾರೆ. ಬೀಸುವ ಖರ್ಚೂ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಹಾಕುವುದಾದರೆ ಬೀಸಲೇಬೇಕು. ಇಲ್ಲೊಂದು ಸೂಕ್ಷ್ಮವಿದೆ. ಗೋವಿನಜೋಳಕ್ಕೆಂದು ಹಾಕಿದ ಗಿರಣಿಯ ಜರಡಿಯಲ್ಲಿ ಸಜ್ಜೆ ಒಡೆಯದೆ ಹಾಗೇ ಕೆಳಗಿಳಿಯುತ್ತದೆ. ಸಣ್ಣ ಕಣ್ಣಿನ ಜರಡಿ ಹಾಕಿ ಬೇರೆಯಾಗಿ ಬೀಸಿ, ಆಮೇಲೆ ಬೆರೆಸಬೇಕು.

ನವಣೆ, ಸಾವೆ, ಕೊರಲೆಗಳ ಮಾತು ಬೇರೆ. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಹೊತ್ತಿಗೆ ಅವು ನಗರದ ಅಂಗಡಿಗಳಲ್ಲಿ ದುಬಾರಿ ಆಹಾರವಾದವು. ರೈತನಿಗೆ ಅಲ್ಲಿ ಒಳ್ಳೆಯ ಬೆಲೆ ಸಿಗುವಾಗ ಕೋಳಿಯ ಬಟ್ಟಲಿಗೆ ಅವನ್ನು ತರುವುದು ಅರ್ಥವಿಲ್ಲದ ಕೆಲಸ.

ನುಚ್ಚು, ಗೋಧಿ ಮತ್ತು ಡಿಸ್ಟಿಲರಿಯ ಉಳಿಕೆ

ಗಂಗಾವತಿ, ಸಿಂಧನೂರು, ಕಾರಟಗಿಯ ಅಕ್ಕಿ ಗಿರಣಿಗಳು ಇಲ್ಲಿಂದ ಒಂದು ಲಾರಿ ಓಟದ ದೂರದಲ್ಲಿವೆ. ಅಲ್ಲಿನ ನುಚ್ಚಕ್ಕಿ ಕೋಳಿಗೆ ಉತ್ತಮ ಆಹಾರ. ನಾರು ತೀರಾ ಕಡಿಮೆ, ಶಕ್ತಿ ಗೋವಿನಜೋಳಕ್ಕೆ ಸರಿಸಾಟಿ, ಎಳೆ ಮರಿಗೂ ಒಗ್ಗುತ್ತದೆ. ಆದರೆ ನುಚ್ಚಿನ ಬೆಲೆಯೂ ದೆಹಲಿಯ ಆದೇಶದ ಜೊತೆ ಕುಣಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ನುಚ್ಚಿನ ರಫ್ತು ನಿಷೇಧಿಸಲಾಯಿತು, 2025ರ ಮಾರ್ಚ್‌ನಲ್ಲಿ ನಿಷೇಧ ತೆರವಾಯಿತು. ಎಥನಾಲ್ ಕಾರ್ಖಾನೆಗಳಿಗೂ ಇದೇ ನುಚ್ಚು ಬೇಕು. ನುಚ್ಚಿನ ಜೊತೆ ಬರುವ ತೌಡಿನ ವಿಷಯದಲ್ಲಿ ಹಿಡಿತವಿರಲಿ. ಎಣ್ಣೆ ತೆಗೆಯದ ತೌಡು ಬೇಸಿಗೆಯಲ್ಲಿ ದಿನಗಳೊಳಗೆ ಕಮಟು ಹಿಡಿಯುತ್ತದೆ. ಎಣ್ಣೆ ತೆಗೆದ ತೌಡಿನಲ್ಲಿ ಶಕ್ತಿಯೇ ಕಡಿಮೆ. ಬ್ರಾಯ್ಲರ್‌ಗೆ ಅದನ್ನು ಶೇ 5ರ ಮೇಲೆ ಹಾಕುವುದು ಬೇಡ.

ಗೋಧಿಯಲ್ಲಿ ಪ್ರೋಟೀನ್ ಚೆನ್ನಾಗಿದೆ. ಆದರೆ ಅದರ ನಾರಿನ ಒಂದು ಬಗೆ ಕೋಳಿಯ ಕರುಳಿನಲ್ಲಿ ಅಂಟಾಗುತ್ತದೆ. ಹಿಕ್ಕೆ ಜಿಗುಟಾಗಿ ನೆಲದ ಹೊಟ್ಟು ಒದ್ದೆಯಾಗುತ್ತದೆ, ಅಮೋನಿಯಾ ವಾಸನೆ ಏಳುತ್ತದೆ. ಯುರೋಪಿನವರು ಇದಕ್ಕೆ ಝೈಲನೇಸ್ ಎಂಬ ಕಿಣ್ವ ಬೆರೆಸುತ್ತಾರೆ. ನಮ್ಮಲ್ಲಿ ಗೋಧಿ ಸಾಮಾನ್ಯವಾಗಿ ಗೋವಿನಜೋಳಕ್ಕಿಂತ ತುಟ್ಟಿಯಾದ್ದರಿಂದ ಆ ದಾರಿ ಹಿಡಿಯುವ ಪ್ರಸಂಗ ಬರುವುದು ಅಪರೂಪ.

ಎಥನಾಲ್ ತಂದ ಹೊಸ ಪದಾರ್ಥ ಡಿಡಿಜಿಎಸ್. ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಬಂದರೆ, 300 ಕಿಲೋದಷ್ಟು ಈ ಒಣ ಉಳಿಕೆ ಸಿಗುತ್ತದೆ. ಪಿಷ್ಟವೆಲ್ಲ ಮದ್ಯಸಾರವಾಗಿ ಹೋದ ಮೇಲೆ ಉಳಿದ ಪ್ರೋಟೀನ್, ಎಣ್ಣೆ, ನಾರು ಮೂರು ಪಟ್ಟು ಗಟ್ಟಿಯಾಗುತ್ತವೆ. ಪ್ರೋಟೀನ್ ಶೇ 26–30ರ ಮಟ್ಟಕ್ಕೆ ಏರುತ್ತದೆ. ಕಾಳಿನಲ್ಲಿದ್ದ ಬೂಷ್ಟಿನ ವಿಷವೂ ಅದೇ ಲೆಕ್ಕದಲ್ಲಿ ಮೂರು ಪಟ್ಟಾಗುತ್ತದೆ ಎಂಬುದನ್ನು ಮರೆಯಬಾರದು. ಪರೀಕ್ಷಾ ವರದಿ ಇಲ್ಲದ ಡಿಡಿಜಿಎಸ್ ಕೊಳ್ಳಬಾರದು. ವರದಿ ಇದ್ದರೂ ಮೊದಲ ಹತ್ತು ದಿನದ ಮರಿಗೆ ಬೇಡ, ನಂತರ ಶೇ 5, ಕೊನೆಯ ಹಂತದಲ್ಲಿ ಹೆಚ್ಚೆಂದರೆ ಶೇ 10. ಇದು ಸೋಯಾದ ಭಾರ ಇಳಿಸುತ್ತದೆ, ಗೋವಿನಜೋಳದ ಭಾರವನ್ನು ಸ್ವಲ್ಪ ಮಾತ್ರ.

ಬದಲಾಯಿಸುವ ಬಗೆ

ನೂರು ಕಿಲೋ ಫೀಡಿನಲ್ಲಿ 60 ಕಿಲೋ ಗೋವಿನಜೋಳ ಇದೆ ಎನ್ನೋಣ. ಅದರಲ್ಲಿ 30 ಕಿಲೋ ತೆಗೆದು 30 ಕಿಲೋ ಬಿಳಿಜೋಳ ಹಾಕಿದರೆ ಕಿಲೋಗೆ 150ರಂತೆ 4,500 ಕಿಲೋ ಕ್ಯಾಲರಿ ಶಕ್ತಿ ಕಡಿಮೆಯಾಗುತ್ತದೆ. ಅರ್ಧ ಕಿಲೋ ಅಡುಗೆ ಎಣ್ಣೆ ಬೆರೆಸಿದರೆ ಆ ಕೊರತೆ ತುಂಬುತ್ತದೆ. ಲೈಸಿನ್ ಸುಮಾರು 15 ಗ್ರಾಂ ಕಡಿಮೆಯಾಗುತ್ತದೆ. ಪೇಟೆಯಲ್ಲಿ ಸಿಗುವ ಲೈಸಿನ್ ಪುಡಿ 20 ಗ್ರಾಂ ಸಾಕು. ಜೋಳದ ಬೆಲೆಯ ಮೇಲೆ ಈ ಎಣ್ಣೆ ಮತ್ತು ಪುಡಿಯ ಖರ್ಚನ್ನು ಕೂಡಿಸಿ, ಆಮೇಲೆ ಗೋವಿನಜೋಳದ ಬೆಲೆಯ ಜೊತೆ ಹೋಲಿಸಬೇಕು. ಉಳಿತಾಯ ಕಂಡರೆ ಮಾತ್ರ ಬದಲಾವಣೆ. 5,000 ಕೋಳಿಯ ಬ್ಯಾಚ್‌ನಲ್ಲಿ ಅರ್ಧ ಗೋವಿನಜೋಳ ಬದಲಾಯಿಸಲು 50 ಕ್ವಿಂಟಲ್ ಬೇರೆ ಕಾಳು ಬೇಕು. ಕ್ವಿಂಟಲ್‌ಗೆ ₹200 ಉಳಿದರೂ ಬ್ಯಾಚ್‌ಗೆ ₹10,000.

ಮೊದಲ ಹತ್ತು–ಹನ್ನೆರಡು ದಿನ ಮರಿಯ ಆಹಾರವನ್ನು ಮುಟ್ಟದಿರುವುದೇ ಕ್ಷೇಮ. ಆ ವಯಸ್ಸಿನಲ್ಲಿ ಅದು ತಿನ್ನುವುದೂ ಕಡಿಮೆ, ಅಲ್ಲಿ ಉಳಿತಾಯವೂ ಕಡಿಮೆ. ನಡುವಿನ ಹಂತದಲ್ಲಿ ಗೋವಿನಜೋಳದ ಕಾಲು ಭಾಗ, ಕೊನೆಯ ಹಂತದಲ್ಲಿ ಅರ್ಧ ಭಾಗ ಬದಲಾಯಿಸುವುದು ಸುರಕ್ಷಿತ ಮಿತಿ. ಫೀಡಿನ ಮುಕ್ಕಾಲು ಪಾಲು ಕೋಳಿ ತಿನ್ನುವುದು ಕೊನೆಯ ಮೂರು ವಾರಗಳಲ್ಲೇ. ಹೊಸ ಮಿಶ್ರಣಕ್ಕೆ ಒಮ್ಮೆಲೇ ಹಾರದೆ ಮೂರು–ನಾಲ್ಕು ದಿನ ಹಳೆಯದರ ಜೊತೆ ಬೆರೆಸುತ್ತಾ ಹೋಗಬೇಕು. ಜೋಳ ಹಾಕಿದಾಗ ಕೋಳಿಯ ಚರ್ಮದ ಹಳದಿ ಬಣ್ಣ ತಗ್ಗುತ್ತದೆ. ನಮ್ಮಲ್ಲಿ ಬ್ರಾಯ್ಲರ್ ಹೆಚ್ಚಾಗಿ ಚರ್ಮ ಸುಲಿದೇ ಮಾರಾಟವಾಗುವುದರಿಂದ ಅದು ದೊಡ್ಡ ಅಡ್ಡಿಯಲ್ಲ. ಮೊಟ್ಟೆ ಕೋಳಿಯ ವಿಷಯದಲ್ಲಿ ಮಾತ್ರ ಮೊಟ್ಟೆಯ ಹಳದಿ ಭಾಗದ ಬಣ್ಣ ಪೇಲವವಾಗುತ್ತದೆ.

ಯಾವ ಕಾಳೇ ಆಗಲಿ, ಒಳಗೆ ಬರುವ ಮುನ್ನ ತೇವ ನೋಡಬೇಕು. ತೇವಮಾಪಕ ಇಲ್ಲದವರಿಗೆ ಒಂದು ಹಳೆಯ, ನಂಬಬಹುದಾದ ಉಪಾಯವಿದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು ತುಂಬಿ, ಒಲೆಯ ಮೇಲೆ ಹುರಿದು ಒಣಗಿಸಿದ ಉಪ್ಪು ಎರಡು ಮೂರು ಚಮಚ ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಬೇಕು. ಉಪ್ಪು ಬಾಟಲಿಯ ಒಳಗೋಡೆಗೆ ಅಂಟಿಕೊಂಡರೆ ತೇವ ಶೇ 15ರ ಮೇಲಿದೆ, ಚೀಲ ತುಂಬುವಂತಿಲ್ಲ. ಉಪ್ಪು ಉದುರಿ ತಳಕ್ಕೆ ಬಿದ್ದರೆ ಕಾಳು ಒಣಗಿದೆ. ಅಕ್ಟೋಬರ್–ನವೆಂಬರ್‌ನ ಮಳೆಗೆ ಸಿಕ್ಕ ಗೋವಿನಜೋಳವನ್ನು ರಸ್ತೆ ಮೇಲೆ ಅರೆಬರೆ ಒಣಗಿಸಿ ತುಂಬಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಹುಟ್ಟುತ್ತದೆ. ಒಣಗಿದ ಒಳ್ಳೆಯ ಗೋವಿನಜೋಳವನ್ನು ಕೆಡದಂತೆ ಕಾಪಾಡುವುದೂ ಪರ್ಯಾಯ ಹುಡುಕಿದಷ್ಟೇ ಮುಖ್ಯ.

ತೀರ್ಮಾನ ಯಾರ ಕೈಯಲ್ಲಿ?

ಈ ಲೆಕ್ಕವೆಲ್ಲ ಸರಿ, ಇದನ್ನು ಬಳಸುವವರು ಯಾರು? ಬ್ರಾಯ್ಲರ್ ಸಾಕಣೆಯಲ್ಲಿ ಇವತ್ತು ಗುತ್ತಿಗೆ ಪದ್ಧತಿಯದ್ದೇ ಮೇಲುಗೈ. ಕಂಪನಿ ಮರಿ ಕೊಡುತ್ತದೆ, ಫೀಡ್ ಕೊಡುತ್ತದೆ, ಔಷಧಿ ಕೊಡುತ್ತದೆ, ಸೂಪರ್‌ವೈಸರ್ ಬಂದು ನೋಡಿ ಹೋಗುತ್ತಾನೆ. ಶೆಡ್, ನೀರು, ಕರೆಂಟು, ದುಡಿಮೆ ರೈತನದು. ಕಿಲೋಗೆ ಇಷ್ಟು ಎಂದು ಸಾಕಣೆ ಕೂಲಿ ಸಿಗುತ್ತದೆ. ಫೀಡ್ ಎಷ್ಟು ತಿಂದು ಎಷ್ಟು ತೂಕ ಬಂತು ಎಂಬ ಎಫ್‌ಸಿಆರ್ ಲೆಕ್ಕದ ಮೇಲೆ ಆ ಕೂಲಿ ಏರಿಳಿಯುತ್ತದೆ. ಇಂಥ ಶೆಡ್ಡಿನಲ್ಲಿ ರೈತ ತನ್ನ ಹೊಲದ ಒಂದು ಬುಟ್ಟಿ ಸಜ್ಜೆಯನ್ನೂ ಬೆರೆಸುವಂತಿಲ್ಲ, ಬೆರೆಸಲೂಬಾರದು. ಅಲ್ಲಿ ಬದಲಾವಣೆ ಆಗಬೇಕಾದದ್ದು ದೂರದ ಫೀಡ್ ಮಿಲ್ಲಿನಲ್ಲಿ. ದೊಡ್ಡ ಮಿಲ್ಲುಗಳು ಕಂಪ್ಯೂಟರ್‌ನಲ್ಲಿ ಅಂದಂದಿನ ದರ ಹಾಕಿ ಅಗ್ಗದ ಮಿಶ್ರಣ ಹುಡುಕುತ್ತವೆ. ಆ ಉಳಿತಾಯ ಕಂಪನಿಗೆ ಸೇರುತ್ತದೆ, ರೈತನಿಗಲ್ಲ.

ಆದ್ದರಿಂದ ಈ ಪರ್ಯಾಯಗಳ ನಿಜವಾದ ಫಲ ಸಿಗುವುದು ಸ್ವಂತ ಬಂಡವಾಳದಲ್ಲಿ ಸಾಕುವ ಸಣ್ಣ ಫಾರ್ಮುಗಳಿಗೆ ಮತ್ತು ಹಿತ್ತಿಲಲ್ಲಿ ಕೋಳಿ ಸಾಕುವ ಮಹಿಳೆಯರಿಗೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾದಂಥ ತಳಿಗಳಿಗೆ ಬ್ರಾಯ್ಲರ್‌ನಷ್ಟು ಗಟ್ಟಿ ಶಕ್ತಿಯ ಫೀಡ್ ಬೇಕಾಗಿಲ್ಲ. ಜೋಳ, ಸಜ್ಜೆ, ನುಚ್ಚು, ಜೊತೆಗೆ ಹೆಸರು–ಕಡಲೆಯ ಚುನ್ನಿ, ಹಿಂಡಿ, ಖನಿಜ ಮಿಶ್ರಣ ಹಾಕಿ ಇವುಗಳ ಆಹಾರವನ್ನು ಊರಲ್ಲೇ ಕಟ್ಟಬಹುದು. ಆದರೆ ಒಬ್ಬೊಬ್ಬರೇ ತಕ್ಕಡಿ ಹಿಡಿದು ಮಾಡುವ ಕೆಲಸ ಇದಲ್ಲ. ಬೀಸುವ ಗಿರಣಿ, ಬೆರೆಸುವ ಯಂತ್ರ, ತೇವ ಮತ್ತು ಅಫ್ಲಾಟಾಕ್ಸಿನ್ ನೋಡುವ ಸಣ್ಣ ಪ್ರಯೋಗಾಲಯ, ಲೆಕ್ಕ ಹಾಕಿಕೊಡುವ ಒಬ್ಬ ತಿಳಿದವರು ಬೇಕು.

ಇವೆಲ್ಲ ನಮ್ಮ ಸುತ್ತಲೇ ಇವೆ, ಒಂದೆಡೆ ಸೇರಿಲ್ಲ ಅಷ್ಟೆ. ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ತಾಲ್ಲೂಕುಗಳಲ್ಲಿ ಎಪಿಎಂಸಿ ಪ್ರಾಂಗಣಗಳಿವೆ, ರೈತ ಉತ್ಪಾದಕ ಕಂಪನಿಗಳಿವೆ. ರೋಣ, ನರಗುಂದ ಅಥವಾ ಗಜೇಂದ್ರಗಡದ ಒಂದು ಪ್ರಾಂಗಣದಲ್ಲಿ ಒಂದು ಸಣ್ಣ ಫೀಡ್ ಮಿಶ್ರಣ ಘಟಕ ಶುರುವಾಗಲಿ. ಪ್ರತಿ ಸೋಮವಾರ ಗೋವಿನಜೋಳ, ಜೋಳ, ಸಜ್ಜೆ, ನುಚ್ಚು ಈ ನಾಲ್ಕರ ದರ ಬರೆದು, ಈ ವಾರ ಯಾವ ಕಾಳು ಎಷ್ಟು ಬೆರೆಸಿದರೆ ಲಾಭ ಎಂಬ ಒಂದು ಸಾಲಿನ ಸಲಹೆಯನ್ನು ಫಲಕದ ಮೇಲೆ ಹಾಕಲಿ. ಗೋವಿನಜೋಳ ಅಗ್ಗವಾದ ವರ್ಷ ಆ ಘಟಕ ಲಕ್ಷ್ಮೇಶ್ವರದಲ್ಲಿ ಧರಣಿ ಕೂತಂಥ ರೈತರ ಗೋವಿನಜೋಳವನ್ನೇ ಕೊಂಡು ಒಣಗಿಸಿ ಇಡಲಿ. ತುಟ್ಟಿಯಾದ ವರ್ಷ ಸಜ್ಜೆ ಬೆಳೆದವನಿಗೆ ಬೆಲೆ ಕೊಡಲಿ.

ಗೋವಿನಜೋಳವನ್ನು ಕೋಳಿಯ ಆಹಾರದಿಂದ ಪೂರ್ತಿ ಹೊರಗಟ್ಟುವ ಪವಾಡದ ಪದಾರ್ಥ ಯಾವುದೂ ಇಲ್ಲ. ಹಾಗೆ ಹೇಳಿ ಏನನ್ನಾದರೂ ಮಾರಲು ಬರುವವರನ್ನು ನಂಬಬೇಡಿ. ಆದರೆ ಮೂರನೇ ಒಂದರಿಂದ ಅರ್ಧದವರೆಗೆ ಅದರ ಜಾಗವನ್ನು ಹಂಚಿಕೊಳ್ಳಬಲ್ಲ ಕಾಳುಗಳು ಈ ಮೂರು ತಾಲ್ಲೂಕುಗಳ ಹೊಲದಲ್ಲೂ ಸುತ್ತಲ ಪೇಟೆಗಳಲ್ಲೂ ಇವೆ. ಸ್ವಂತ ಫೀಡ್ ಮಾಡಿಕೊಳ್ಳುವ ರೈತರು ಮುಂದಿನ ಬ್ಯಾಚ್ ಹಾಕುವ ಮೊದಲು ನಾಲ್ಕು ಕಾಳಿನ ದರ ತಿಳಿದುಕೊಳ್ಳಿ, ನಿಮ್ಮ ಪಶುವೈದ್ಯರ ಹತ್ತಿರ ಕೂತು ಲೆಕ್ಕ ಹಾಕಿ, ಮೊದಲು ಒಂದು ಸಣ್ಣ ಗುಂಪಿನ ಮೇಲೆ ಹಾಕಿ ತೂಕ ನೋಡಿ. ಜಿಲ್ಲಾಡಳಿತ ಮತ್ತು ವಿಶ್ವವಿದ್ಯಾಲಯಗಳು ಆ ಲೆಕ್ಕಕ್ಕೆ ಬೇಕಾದ ಗಿರಣಿಯನ್ನೂ ಪ್ರಯೋಗಾಲಯವನ್ನೂ ಊರಿನ ಹತ್ತಿರಕ್ಕೆ ತಂದುಕೊಡಲಿ.